ಹೊಲದಲ್ಲಿ ಸಿಕ್ಕಿದ ದೇವಿ

ಹಳೇಬೀಡಿನ ಗುಡಿಯ ಪಕ್ಕದ ವಸ್ತುಸಂಗ್ರಹಾಲಯದಲ್ಲಿ, ಸಾಲಾಗಿ ನಿಲ್ಲಿಸಿದ ವಿಗ್ರಹಗಳ ಮುಂದೆ, ಒಬ್ಬ ರೈತ ತನ್ನ ಹೆಂಡತಿಗೆ ಪಿಸುಗುಟ್ಟುತ್ತಿದ್ದ.

“ನಮ್ ಹೊಲ್ದಲ್ಲಿ ಸಿಕ್ಕಿರೋ ದೇವೀನೂ ಹಿಂಗೇ ಅವ್ಳೆ ಕಣಮ್ಮಿ. ತಂದ್ಕೊಟ್ರೆ ನಮ್ ಹೆಸ್ರು ಬರೀತಾರಂತೆ.”

“ಇಲ್ಲಿ ಯಾರ ಹೆಸ್ರೈತೆ ತೋರ್ಸಿ. ಬರೀ ನಂಬರು.”

“ಸರ್ಕಾರದೋರು ಸುಳ್ಳು ಹೇಳ್ತಾರಾ?”

“ಒಂದು ಕೊಟ್ರೆ ಇನ್ನೂ ಇರ್ಬೌದು ಅಂತ ಹೊಲಾನೇ ಅಗೀತಾರೆ. ಆಮೇಲೆ ರಾಗಿ ಎಲ್ಲಿ ಬಿತ್ತೀರಾ, ನನ್ನ ತಲೆ ಮೇಲಾ?”

“ಮತ್ತೇನ್ ಮಾಡಾನ?”

“ಮಕಾಡೆ ಮಲಗ್ಸಿ. ಮೇಲೆ ಬಟ್ಟೆ ಒಗೀತೀನಿ.”

“ದೇವ್ರ ಬೆನ್ನ ಮೇಲಾ?”

“ಇಷ್ಟು ಕಾಲ ಗೊಬ್ರ ಹೊತ್ತೋಳು, ಬಟ್ಟೆ ಹೊರಲ್ವಾ?”

ಕಾವಲುಗಾರ ಹತ್ತಿರ ಬಂದು ಯಾವೂರೆಂದು ಕೇಳಿದ.

“ಅರೇಹಳ್ಳಿ. ಬಸ್ಸಿಗೆ ಹೊತ್ತಾಯ್ತು,” ಎಂದಳು ಅವಳು.

ಅರೇಹಳ್ಳಿಯ ಬಸ್ಸು ಹೊರಗೇ ನಿಂತಿತ್ತು. ಅವರು ಅದನ್ನು ಹತ್ತದೆ, ಬಸ್ತಿಹಳ್ಳಿಯ ದಾರಿ ಹಿಡಿದು ನಡೆದುಹೋದರು.