ಉಗಿ ಕಾಯೋ ಕಸಬರಗಿ

…ತೋಪು ಎಷ್ಟು, ಸ್ಪೀಡ್ ಎಷ್ಟು, ನೀರಿಗಿಳಿದಿದ್ದು ಯಾವಾಗ, ಮುಳುಗಿದ್ದು ಯಾವಾಗ, ಎಲ್ಲಾ ಬರದಿ, ಖರೇ. ಅಲ್ಲಬೇ ಮೀರಾ, ಸಾಲಿ ಪ್ರಾಜೆಕ್ಟಿಗೆ ಹಳೇ ಡಚ್ಚರ ಡಿಸ್ಟ್ರಾಯರ್ ಆರಿಸ್ಕೊಂಡಿ, ಆ ಹಡಗಿನ ಹೊಟ್ಟ್ಯಾಗ ಯಾರು ಬೇಯ್ತಿದ್ರು ಅಂತ ಒಂದು ಸಾಲಾದ್ರೂ ಬರದಿಯೇನು? "ವೆಬ್‌ಸೈಟ್‌ನಲ್ಲಿ ಇರಲಿಲ್ಲ, ಅಜ್ಜಾ" ಅಂತಿ. ಇರೂದಿಲ್ಲ ಬಿಡು. ಕುಂದರು ಇಲ್ಲೆ. ಮನಿ ಹಿಂದಿನ ಆ ಡೆಕ್ಕಿನ ಬಾಗಲಾ ಹಾಕು, ಈ ಪರದೇಶದ ಸದರ್ಲಿ, ತೆಂಕಣ ಗಾಳಿ, ಕೊರಿಯಾಕ ಹತ್ತೈತಿ.

ನಾ ಇಂಡಿಯನ್ ನೇವ್ಯಾಗ ಸ್ಟೋಕರ್ ಇದ್ದೆ, ಅಂದ್ರ ಬಾಯ್ಲರ್ ಕಾಯಾಂವ. ನಮ್ಮದೂ ಅಂಥಾದ್ದ ಮುದಿ ಡಿಸ್ಟ್ರಾಯರ್, ಬ್ರಿಟಿಷರು ಬಳಸಿ ಕೊಟ್ಟದ್ದು. ಮಳಿಗಾಲದ ಅರಬ್ಬಿ ಸಮುದ್ರ, ಮಧ್ಯಾಹ್ನ, ಊಟ ಆಗಿದ್ದಿಲ್ಲ… ಅಲ್ಲಲ್ಲ, ಆಗಿತ್ತು, ಅನ್ನ ದಾಲ್ ತಿಂದು ಕೆಳಗ ಬಾಯ್ಲರ್ ಕೋಣಿಗೆ ಇಳಿದಿದ್ವಿ. ಒಮ್ಮಿಂದೊಮ್ಮೆಲೆ ಸೀಟಿ ಹೊಡದಂಗ ಸಪ್ಪಳ! ಉಗಿ ಪೈಪ್ ಎಲ್ಲೋ ಒಡದಿತ್ತು. ನಿಮ್ಮ ಕೆಟಲ್‌ನ್ಯಾಗ ಬೆಳ್ಳಗ ಕಾಣತೈತಲ್ಲ, ಹಂಗಲ್ಲವಾ ಅದು. ಅಷ್ಟು ಕಾದ ಉಗಿ ಕಣ್ಣಿಗೆ ಕಾಣೂದಽ ಇಲ್ಲ. ಕೈ ಅಡ್ಡ ಬಂತೋ, ಕೈ ಹೋತು. ಅದಕ್ಕ ನಮ್ಮ ಚೀಫ್ ಕಲಿಸಿದ್ರು: ಕೋಲಿನ ಕಸಬರಗಿ ಮುಂದ ಹಿಡಿ, ಮ್ಯಾಲ ಕೆಳಗ ಆಡಿಸು, ಅದು ಹರಿದಲ್ಲಿ ನಿಲ್ಲು, ಉಗಿ ಅಲ್ಲೇ ಐತಿ.

ಆ ಕಡೆ ಮೂಲ್ಯಾಗ ಶಿಂಧೆ ಸಿಕ್ಕಿಬಿದ್ದಿದ್ದ, ನನ್ನ ಜೋಡಿ ಸ್ಟೋಕರ್, ಜೀವದ ಗೆಳ್ಯಾ. ಹಡಗ ಹೊಯ್ದಾಡಿದ್ದಕ್ಕ ಬಿದ್ದು ಕಾಲ ಮುರಕೊಂಡಿದ್ದ. ಆ ಸೆಖ್ಯಾಗ ಹೆಚ್ಚು ಹೊತ್ತು ಬದುಕೂ ಹಂಗಿದ್ದಿಲ್ಲ. "ಓಡಿ ಬಾರೋ! ಸಾಯಾಕ ಹತ್ತೇನಿ!" ನಾ ಓಡಿದೆ ನೋಡು, ಎರಡಽ ಹೆಜ್ಜಿ. ಚೀಫ್ ಕಾಲರ್ ಹಿಡದು ಜಗ್ಗಿದ್ರು. "ಕಸಬರಗಿ, ಹುಚ್ಚಾ!" ಕೈಯಾಗ ಅದನ್ನ ತುರುಕಿ, ತಾವು ಉಗಿ ಬಂದ್ ಮಾಡೋ ಚಕ್ರಕ್ಕ ಜೋತುಬಿದ್ರು. ತುಕ್ಕು ಹಿಡದಿತ್ತು, ತಿರುಗವಲ್ದು.

ಒಂದು ಹೆಜ್ಜಿ, ಕಸಬರಗಿ ಮ್ಯಾಲ, ಕೆಳಗ. ಮತ್ತೊಂದು ಹೆಜ್ಜಿ. ಶಿಂಧೆ ಬೈತಾನ, "ಹೇಡಿ! ಕಸಾ ಹೊಡಿಯಾಕ ಬಂದಿಯೇನೋ?" ಆಮ್ಯಾಲೆ ಬೈಗಳಾನೂ ನಿಂತು. ಹೋದನೇನೋ ಅಂದ್ಕೊಂಡೆ, ಮೀರಾ. ಓಡಲೇನು ಅಂತ ಕಾಲೆತ್ತಿದೆ, ಅಷ್ಟ್ರಾಗ ಚಟ್! ಕಸಬರಗಿ ತುದಿ ಹಾರಿಹೋತು. ಉಗಿ ಅಲ್ಲೇ ಇತ್ತು, ನನ್ನ ಎದಿಗೆ ಸಮಾ, ಮೊಳ ದೂರ.

ಹೊಟ್ಟಿ ಮ್ಯಾಲ ಬಿದ್ದು, ಅದರ ಕೆಳಗ ತೆವಳಿ ಹೋದೆ, ಅವನ ಅಂಗಿ ಹಿಡದು ಹಂಗಽ ತೆವಳಕೋತ ಎಳಕೊಂಡು ಬಂದೆ. ಮ್ಯಾಲ ಗಾಳಿಗೆ ಕಣ್ಣ ತೆರದ, ತುದಿ ಹಾರಿದ ಕಸಬರಗಿ ಕೋಲು ನೋಡಿದ, ನನ್ನ ಕೈ ಹಿಡಕೊಂಡು ಅತ್ತ. ನಾನೂ ಅತ್ತೆ, ನಾಚಿಕಿ ಏನದರಾಗ?

"ಸೋ, ಯೂ ವರ್ ಸ್ಕೇರ್ಡ್, ಅಜ್ಜಾ?"

ಹೆದರಿ ಚಡ್ಡಿ ಒದ್ದಿಯಾಗಿತ್ತವಾ! ಕೇಳಿಲ್ಲೆ. ಬೇಕಾದವ್ರು ಕೂಗಿದ್ರ ಓಡಬೇಕು ಅನಸತೈತಿ. ಓಡಬ್ಯಾಡ. ಹೇಡಿ ಅಂತ ಬೈಲಿ, ಬೈಸ್ಕೋ, ಜ್ವಾಕಿಲೆ ಹೋಗಿ ಮುಟ್ಟು. ಏಳಿನ್ನ, ನಿಮ್ಮವ್ವ ಊಟಕ್ಕ ಕರಿಯಾಕ ಹತ್ಯಾಳ.