ಬದುವಿನ ತುಂಬಿ ಹೂ

ಅಲ್ಲಲ್ಲ, ಚೆಂಡು ಹೂವಲ್ಲ, ನಾನು ಹೇಳಾಕತ್ತಿದ್ದು ತುಂಬಿ ಹೂವಿಂದು. ಬೆರಳ ತುದಿಯಷ್ಟೂ ಇರೂದಿಲ್ಲ, ಬೆಳ್ಳಗ, ಬದುವಿನ ಮ್ಯಾಲ ತಾನೇ ಹುಟ್ಟತಿತ್ತು. ಶ್ರುತಿ, ನೆಟ್ಟಗ ಕೂಡು, ಹಿರೇರು ಮಾತಾಡೂ ಮುಂದ ಗ್ವಾಡಿಗೆ ಒರಗಬಾರದು. ಹಾಂ, ನಿಮ್ಮಜ್ಜ ಕಾಲು ಮುರಕೊಂಡು ಮಲಗಿದ ವರ್ಷ ಅದು. ನೆಲೋಗಿ ಊರಾಗಿನ ಹೊಲ ಪೂರಾ ನನ್ನ ತಲಿ ಮ್ಯಾಲ ಬಂತು. ಕಾನ್ವೆಂಟಿನ್ಯಾಗ ಓದಿದಾಕಿ ನಾನು, ಕಳೆ ಕೀಳೂ ಕುರ್ಪಿ ಹಿಡಿಯೂದು ಆ ವರ್ಷನೇ ಕಲತೆ. ಕಳೆ ತಗಿಯಾಕ ಆಳು ಸಿಗಲಿಲ್ಲ. ಸಿಗಲೇ ಇಲ್ಲ ಅಂದ್ರ ಸುಳ್ಳಾಗ್ತದ, ಇಬ್ಬರು ಬಂದ್ರು, ಎರಡು ದಿನ ಮಾಡಿ ಹೋದ್ರು. ತೊಗರಿ ಸಾಲಿನ್ಯಾಗಿನ ಕಳೆ ನಾನೇ ತಗದೆ, ಅಂಗೈ ತುಂಬ ಗುಳ್ಳಿ ಎದ್ವು. ಬದುವಿಗೆ ಕೈ ಸಾಲಲಿಲ್ಲ. ಅದಕ್ಕ ಕಳೆ ಸಾಯೂ ಔಷಧಿ ತಂದೆ. ಬಾಟ್ಲಿ ಮ್ಯಾಲಿನ ಸಣ್ಣ ಇಂಗ್ಲಿಷ್ ಅಕ್ಷರ ಒಂದೂ ಬಿಡದ ಓದಿ, ಅಳತಿ ಹಿಡದು ಹೊಡಿಸಿದೆ. ಕೆಲವೇ ದಿನದಾಗ ಬದು ಸಾರಿಸಿದ ಅಂಗಳದಂಗ ಆತು. ಊರವರು ನೋಡಿದ್ರು, "ಅಕ್ಕೋರ, ನಮ್ಮದೂ ಒಂದೀಟು ಓದಿ ಹೇಳ್ರಿ" ಅಂತ ಬಾಟ್ಲಿ ಹಿಡಕೊಂಡು ನಾವು ಕುಂತ ಇದೇ ಕಟ್ಟಿ ತನಕ ಬಂದ್ರು. ಎಲ್ಲಾರಿಗೂ ಓದಿ ಹೇಳಿದೆ, ಅಳತಿ ತಪ್ಪಿದವರನ್ನ ಗದರಿಸಿದೆ. ಬಾಳ ಹೆಮ್ಮಿ ಇತ್ತು ನನಗ.

ಎಳ್ಳ ಅಮಾಸಿ ಬಂತು. ನಿಮಗ ಗೊತ್ತದಲ್ಲ, ಬನ್ನಿ ಗಿಡದ ಬುಡಕ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪೂಜಿ ಮಾಡಿ, ಆಮ್ಯಾಲ ಹೊಲದ ತುಂಬ ಚರಗ ಚೆಲ್ಲೂದು. ಕಡುಬು, ಭಜ್ಜಿ ಪಲ್ಯ, ಸಜ್ಜಿ ರೊಟ್ಟಿ, ಎಲ್ಲಾ ಮೊದಲ ಭೂಮಿಗೆ, ಆಮ್ಯಾಲ ನಮಗ. ನಮ್ಮ ಅತ್ತಿ, ನಿಮ್ಮಜ್ಜನ ಅವ್ವ, ಅವರಿಗೆ ಮೊಣಕಾಲು ನೋವು, ಬಂಡ್ಯಾಗ ಕೂಡಿಸಿಕೊಂಡು ಹೋದಿವಿ. ನಾನು ಜೇವರ್ಗಿ ಬಜಾರದ ಚೆಂಡು ಹೂ ಕಲ್ಲಿಗೆ ಏರಿಸಿದೆ, ಸಾಲು ಹಿಡದು, ಒಂದೂ ಸೊಟ್ಟ ಇಲ್ಲ. ಅತ್ತಿ ನೋಡಿದ್ರು.

"ಇದು ಕೊಂಡಿದ್ದು, ತಂಗಿ. ಹೊಲಾ ಕೊಟ್ಟಿದ್ದು ಎಲ್ಲದ? ಬದುವಿನ್ಯಾಗಿನ ತುಂಬಿ ಹೂ ನಾಕು ತಾ."

ಬದುವಿಗೆ ಹೋದೆ. ಇಲ್ಲ. ಮಗ್ಗಲ ಹೊಲಕ್ಕ ಹೋದೆ, ಅದರ ಮಗ್ಗಲಕ್ಕ ಹೋದೆ, ಉಟ್ಟ ಇಳಕಲ್ ಸೀರಿ ಮುಳ್ಳಿಗೆ ಹರಕೋತ ಇಜೇರಿ ದಾರಿ ತನಕ ಹೋದೆ. ಎಲ್ಲಾ ಬದು ಸ್ವಚ್ಛ. ಎಲ್ಲಾ ನಾನೇ ಓದಿ ಹೇಳಿದ ಬದು. ತಿರುಗಿ ಬರೂದ್ರಾಗ ಬಿಸಲು ಇಳದಿತ್ತು, ನಿಮ್ಮಪ್ಪ ಹಸದು ಅಳಾಕತ್ತಿದ್ದ, ಅತ್ತಿ ಇನ್ನಾ ಹಂಗೇ ಕುಂತಿದ್ರು. ಬರಿಗೈ ತೋರಿಸಿದೆ. ಬೈಲಿಲ್ಲ. ಬೈದಿದ್ರ ಚಲೋ ಇತ್ತು. ಕಲ್ಲಿನ ಮುಂದ ಒಂದು ಹಿಡಿ ಮಣ್ಣಿಟ್ಟು, "ಈ ಸಲ ಇಷ್ಟೇ ಅವ್ವ, ತಡಕೋ" ಅಂತ ನೆಲಕ್ಕ ಹೇಳಿದ್ರು. ಚರಗದ ಬುಟ್ಟಿ ನನ್ನ ಕೈಗೆ ಕೊಟ್ರು.

ಅವತ್ತಿನಿಂದ ಆ ಬದುವಿಗೆ ಔಷಧಿ ಮುಟ್ಟಿಸಿಲ್ಲ. ಹುಲ್ಲು ಬಂತು, ಮುಳ್ಳು ಬಂತು, ಅದು ಬರಲಿಲ್ಲ. ಸುತ್ತ ಎಲ್ಲಾರೂ ಹೊಡಿತಾರ, ಬೀಜ ಎಲ್ಲಿಂದ ಬರಬೇಕು? ಈಗೂ ಮಳಿ ನಿಂತ ಮ್ಯಾಲ ಹೋಗಿ ಬಗ್ಗಿ ಬಗ್ಗಿ ನೋಡ್ತೇನಿ, ಸೊಂಟ ಹಿಡಕೋತದ. ಬೆಳ್ಳಗ ಏನರೆ ಕಂಡ್ರ ದಾಪುಗಾಲು ಹಾಕ್ತೇನಿ, ಹತ್ರ ಹೋದ್ರ ಕಾಗದದ ಚೂರು. ಅತ್ತಿ ಹೋಗಿ ಎಷ್ಟೋ ವರ್ಷ ಆತು. ಸಿಕ್ಕರೂ ಯಾರ ಕೈಗೆ ಕೊಡಲಿ?

ಏನರೆ ಕೀಳೂ ಮುಂಚೆ, ಇದು ಯಾರಿಗೆ ಬೇಕಾಗ್ತದ ಅಂತ ಮನ್ಯಾಗ ಒಂದು ಮಾತು ಕೇಳ್ರಿ, ಅಷ್ಟೇ. ಏಳ್ರಿ, ಊಟಕ್ಕ ಕೈ ತೊಳಕೊಳ್ರಿ.