ಒಂಬತ್ತನೇ ಉಗುಳು

ಗಸ್ಪಾರ್ ಆ ರಾತ್ರಿ ಸೈಕಲ್ ತುಳಿದುಕೊಂಡು ಬರಲಿಲ್ಲ, ತಳ್ಳಿಕೊಂಡು ಬಂದ. ಹಿಂದಿನ ಚಕ್ರ ಪಂಕ್ಚರ್ ಆಗಿತ್ತು. ಗುಡ್ಡದ ಮೇಲಿಂದ ನಮ್ಮೂರು ಬ್ರೆಸಾಲ್‌ಗೆ ಇಳಿಯುವ ದಾರಿಯಲ್ಲಿ ಬಟ್ಟೆ ಒಗೆಯುವ ಹಳೇ ಕೊಳವೊಂದಿದೆ. ಮೇಲೆ ಹೆಂಚಿನ ಮಾಡು, ಸುತ್ತ ಕಲ್ಲುಕಟ್ಟೆ. ಹಗಲಲ್ಲಿ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದ ಪ್ರವಾಸಿಯಿಲ್ಲ. ಕತ್ತಲಾದ ಮೇಲೆ ಊರಿನವರು ಯಾರೂ ಆ ಕಡೆ ತಿರುಗಿ ನೋಡುವುದಿಲ್ಲ.

ಗಸ್ಪಾರ್ ನನ್ನ ಚಿಕ್ಕಮ್ಮನ ಮಗ. ಅವನು ಹೇಳಿದ್ದನ್ನೇ ಹೇಳುತ್ತಿದ್ದೇನೆ. ಕೊನೆಯದನ್ನು ಮಾತ್ರ ನಾನೇ ಕಣ್ಣಾರೆ ಕಂಡೆ.

ಅವನ ಕೆಲಸ ಸೈಕಲ್ ಪ್ರವಾಸಿಗಳನ್ನು ಕರೆದುಕೊಂಡು ತಿರುಗುವುದು. ಮೈಗಂಟಿದ ಚಡ್ಡಿ ಹಾಕಿಕೊಂಡು, ತಲೆಗೆ ಆಮೆಚಿಪ್ಪಿನಂಥದ್ದೊಂದು ಕಟ್ಟಿಕೊಂಡು ಎಲ್ಲಿಂದಲೋ ಬರುತ್ತಾರೆ. ದಿನಕ್ಕೆ ನಾಲ್ಕು ಊರು. ಒಂದು ಊರಿಗೆ ಮುಕ್ಕಾಲು ಗಂಟೆ. ಇಗರ್ಜಿ ನೋಡಿದರು, ಕೋಟೆಗೋಡೆ ನೋಡಿದರು, ಆಮೇಲೆ ಯಾರದಾದರೂ ನೆಲಮಾಳಿಗೆಗೆ ಇಳಿದರು. ಅಲ್ಲಿ ರುಚಿ ನೋಡಲು ವೈನ್ ಬಾಯಿಗೆ ಹಾಕಿಕೊಂಡು ಗುಳುಗುಳು ಮಾಡಿ ಬಕೆಟ್ಟಿಗೆ ಉಗುಳುತ್ತಾರೆ. ನುಂಗುವುದಿಲ್ಲ. ನುಂಗಿದರೆ ಮುಂದಿನ ಊರಿಗೆ ಸೈಕಲ್ ನೆಟ್ಟಗೆ ಹೋಗುವುದಿಲ್ಲ. ನಾವು ಸೊಂಟ ಮುರಿದುಕೊಂಡು ಕೊಯ್ದ ದ್ರಾಕ್ಷಿ. ಅವರು ಉಗುಳುತ್ತಾ ಕಣ್ಣು ಬೇರೆ ಮುಚ್ಚಿಕೊಳ್ಳುತ್ತಾರೆ.

ಗಸ್ಪಾರ್‌ಗೆ ಇವರ ಹಿಂದೆ ಪೆಡಲ್ ತುಳಿದು ಸಾಕಾಗಿತ್ತು. ಅವನಿಗೆ ಬೇಕಾಗಿದ್ದು ನಾವು ದ್ರಾಕ್ಷಿ ಕೊಯ್ಯುವ ತೋಟದ ಮಾಲೀಕ ಆಂಬ್ರ್ವಾಸ್ ಸಾಹೇಬರ ನೆಲಮಾಳಿಗೆಯ ಕೆಲಸ. ನಮ್ಮ ಕಡೆ ನವೆಂಬರಿನಲ್ಲಿ ಬರುವ ಸಂತ ಮಾರ್ಟಿನನ ಹಬ್ಬದ ದಿನ ತೋಟದ ಕೆಲಸಗಳು ಕೈ ಬದಲಾಗುತ್ತವೆ. ಅವತ್ತು ಮೂರು ಗ್ಲಾಸ್ ಇಡುತ್ತೇನೆ, ಯಾವುದು ಯಾವ ತೋಟದ ವೈನ್ ಎಂದು ಹೇಳು, ಸರಿಯಾದರೆ ಕೆಲಸ ನಿನ್ನದು ಎಂದು ಆಂಬ್ರ್ವಾಸ್ ಮಾತು ಕೊಟ್ಟಿದ್ದರು. ಗಸ್ಪಾರ್‌ನ ನಾಲಿಗೆ ಅಂಥದ್ದು. ಕಣ್ಣು ಕಟ್ಟಿ ಕೊಟ್ಟರೂ ಗುಡ್ಡದ ಬಿಸಿಲ ಕಡೆಯದೋ ನೆರಳಿನ ಕಡೆಯದೋ ಎಂದು ಹೇಳುತ್ತಿದ್ದ. ಆ ನಾಲಿಗೆ ಬಿಟ್ಟರೆ ಅವನಿಗೆ ಬೇರೆ ಆಸ್ತಿಯಿರಲಿಲ್ಲ.

ಆದರೆ ಆ ಕೆಲಸದ ಆಸೆಗೆ ಅವನು ಒಂದು ಹೊಲಸು ಕೆಲಸ ಮಾಡಿಕೊಂಡು ಬಂದಿದ್ದ. ಮೂರು ವರ್ಷದಿಂದ.

ಸುಗ್ಗಿಯಲ್ಲಿ ದ್ರಾಕ್ಷಿ ಕೊಯ್ಯುವವರಿಗೆ ಊಟದ ಜೊತೆ ಒಂದು ಹೂಜಿ ತೆಳು ವೈನ್ ಕೊಡುವುದು ಇಲ್ಲಿನ ಪದ್ಧತಿ. ಹಿಂಡಿದ ಚರಟಕ್ಕೆ ನೀರು ಹಾಕಿ ಮಾಡುತ್ತಾರೆ. ಆಂಬ್ರ್ವಾಸ್ ಅಷ್ಟನ್ನೂ ಮಾಡುತ್ತಿರಲಿಲ್ಲ. ಪ್ರವಾಸಿಗಳು ಉಗುಳಿದ ಬಕೆಟ್ಟನ್ನು ಬಟ್ಟೆಯಲ್ಲಿ ಸೋಸಿ, ನೀರು ಬೆರೆಸಿ, ಒಂದು ಹಿಡಿ ಸಕ್ಕರೆ ಹಾಕಿ ಹೂಜಿಗೆ ಸುರಿಸುತ್ತಿದ್ದರು. ಸುರಿಯುತ್ತಿದ್ದವನು ಗಸ್ಪಾರ್. ಕುಡಿಯುತ್ತಿದ್ದವರು ನಾವು. ನಾನು ಕುಡಿದಿದ್ದೇನೆ, ಕಂಕುಳಲ್ಲಿ ಮೊಲೆಕೂಸು ಇಟ್ಟುಕೊಂಡು. ನಮ್ಮ ಜೊತೆ ಜೆಲೀ ಎಂಬ ಮುದುಕಿ ಬರುತ್ತಿದ್ದಳು, ಎರಡು ಊರಾಚೆಯಿಂದ, ತುಕ್ಕು ಹಿಡಿದ ಕಬ್ಬಿಣದ ಸೈಕಲ್ ಮೇಲೆ. ಮೂವತ್ತು ಸುಗ್ಗಿ ಕಂಡವಳು. ಹೂಜಿಯನ್ನು ತಾನೇ ಎತ್ತಿ ಬಗ್ಗಿಸಿಕೊಂಡು, ಈ ಮನೆಯ ವೈನ್ ಎಷ್ಟು ಮೆತ್ತಗೆ ಇಳಿಯುತ್ತೆ, ಯಾರೋ ಅಗಿದು ಕೊಟ್ಟ ಹಾಗೆ ಎಂದು ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದಳು. ನಾವೂ ನಗುತ್ತಿದ್ದೆವು.

ಜನವರಿಯಲ್ಲಿ ಜೆಲೀ ತೀರಿಕೊಂಡಳು. ಮಣ್ಣಿಗೆ ಗಸ್ಪಾರ್ ಕೂಡ ಹೋಗಿದ್ದ.

ಆ ವರ್ಷದ ಸೆಪ್ಟೆಂಬರ್, ಸುಗ್ಗಿಯ ಕೊನೇ ದಿನ. ಗಸ್ಪಾರ್ ಎಂಟು ಜನ ಪ್ರವಾಸಿಗಳನ್ನು ನೆಲಮಾಳಿಗೆಗೆ ಇಳಿಸಿದ. ಅವರಿಗೆ ಬೆನ್ನು ಮಾಡಿ ಗ್ಲಾಸ್ ಒರೆಸುತ್ತಾ, ಅಭ್ಯಾಸಬಲದಿಂದ ಉಗುಳು ಎಣಿಸುತ್ತಿದ್ದ. ಪಿಚಕ್... ಟಿಣ್. ತಗಡಿಗೆ ಬೀಳುವ ಸದ್ದು. ಏಳು. ಎಂಟು. ಆಮೇಲೆ ಒಂದು ಗಳಿಗೆ ಬಿಟ್ಟು... ಲೊಚಕ್. ಹಲ್ಲಿಲ್ಲದ ಬಾಯಿಂದ ಬರುವಂಥದ್ದು.

ತಿರುಗಿ ನೋಡಿದ. ಎಂಟೇ ಜನ. ಯಾರೋ ಎರಡು ಸಲ ಉಗುಳಿರಬೇಕು ಅಂದುಕೊಂಡ. ಅದನ್ನೂ ಸೋಸಿದ, ಹೂಜಿಗೆ ಸುರಿದ. ಸುಗ್ಗಿ ಮುಗಿದ ಊಟಕ್ಕೆ ಅದು ನಮ್ಮ ಮೇಜಿಗೆ ಬಂತು. ನಾನು ಎರಡು ಲೋಟ ಕುಡಿದೆ.

ಪ್ರವಾಸಿಗಳನ್ನು ಗುಡ್ಡದಾಚೆಯ ಹೋಟೆಲಿಗೆ ಮುಟ್ಟಿಸಿ ಅವನು ಹಿಂದಿರುಗುವಾಗ ಟೈರ್ ಕೈಕೊಟ್ಟಿತು. ಹಾಗೆ ತಳ್ಳಿಕೊಂಡು ಕೊಳದ ಹತ್ತಿರ ಬಂದ. ಒಳಗಿಂದ ಸದ್ದು.

ಪಿಚಕ್...

ಪ್ರವಾಸಿಯೊಬ್ಬ ದಾರಿತಪ್ಪಿ ಇಲ್ಲೇ ಉಳಿದನೇ ಅನ್ನಿಸಿತು. ಬಗ್ಗಿ ನೋಡಿದ. ಕಂಬಕ್ಕೆ ತುಕ್ಕು ಹಿಡಿದ ಒಂದು ಸೈಕಲ್ ಒರಗಿತ್ತು. ದೀಪವಿಲ್ಲ. ಯಾರೂ ತುಳಿಯದಿದ್ದರೂ ಅದರ ಚೈನು ತಾನಾಗಿ ಕಟಕ್... ಕಟಕ್... ಎಂದು ಒಂದೊಂದೇ ಹಲ್ಲು ಜಾರುತ್ತಿತ್ತು. ಕಟ್ಟೆಯ ಮೇಲೆ ತಲೆಗೆ ಬಟ್ಟೆ ಕಟ್ಟಿದ ಹೆಂಗಸು. ಮುಖ ಕಾಣಲಿಲ್ಲ. ಕೈ ಮಾತ್ರ ಮುಂದೆ ಬಂತು. ಕೈಯಲ್ಲಿ ತಗಡಿನ ಲೋಟ.

"ಯಾರ ಬಾಯಿದು ಹೇಳು ಮಗಾ," ಅಂದಳು. ಪಿಸುಮಾತು.

ಬೇರೆ ಯಾರಾದರೂ ಆಗಿದ್ದರೆ ಸೈಕಲ್ ಬಿಸಾಕಿ ಓಡುತ್ತಿದ್ದರು. ಆದರೆ ವೈನ್ ರುಚಿ ನೋಡುವವರ ಕೈಗೆ ಲೋಟ ಕೊಟ್ಟರೆ ಅವರ ತಲೆ ಕೆಲಸ ಮಾಡುವುದಿಲ್ಲ, ಕೈ ಮಾಡುತ್ತದೆ. ಗಸ್ಪಾರ್ ಲೋಟ ತೆಗೆದುಕೊಂಡ. ಒಂದು ಸುತ್ತು ತಿರುಗಿಸಿದ. ಮೂಗಿಗೆ ಹಿಡಿದ. ಬಾಯಿಗೆ ಹಾಕಿಕೊಂಡು ತುಟಿಯ ಸಂದಿಯಿಂದ ಗಾಳಿ ಎಳೆದ. ಸುರ್ರ್... ಅಷ್ಟಾದ ಮೇಲೆ ಅವನಿಗೆ ಭಯವಾಯಿತು.

ಬೆಚ್ಚಗಿತ್ತಂತೆ. ಆ ಚಳಿಯಲ್ಲಿ ಬೆಚ್ಚಗೆ, ಲೋಳೆ ಲೋಳೆ. ಮೊದಲು ಪುದೀನ ಗುಳಿಗೆ. ಅದರ ಹಿಂದೆ ಸಿಗರೇಟು. ಆಮೇಲೆ ಕಟ್ಟಿಸಿದ ಹಲ್ಲು ತೊಳೆಯುವ ಪುಡಿ. ಆಮೇಲೆ ಬೆಳ್ಳುಳ್ಳಿ, ಬಸವನಹುಳು, ಮಧ್ಯಾಹ್ನ ಆ ಎಂಟು ಜನ ತಿಂದದ್ದು. ಒಬ್ಬೊಬ್ಬರದೂ ಬೇರೆ ಬೇರೆಯಾಗಿ ನಾಲಿಗೆಗೆ ಗೊತ್ತಾಯಿತು. ಎಂಟು ಬಾಯಿ. ಒಂಬತ್ತನೆಯದು ಬರೀ ಮಣ್ಣು.

ಉಗುಳಿದ. ಬಾಯಿ ಮತ್ತೆ ತುಂಬಿತು. ಮತ್ತೆ ಉಗುಳಿದ, ಮತ್ತೆ ತುಂಬಿತು...

"ನುಂಗು," ಅಂದಳು. "ನಾನು ನುಂಗಲಿಲ್ವಾ."

ನುಂಗಿದ. ಕಣ್ಣು ಬಿಟ್ಟರೆ ಕಟ್ಟೆ ಖಾಲಿ.

ನನ್ನ ಮಗಳಿಗೆ ಆಗ ಹಲ್ಲು ಬರುತ್ತಿತ್ತು. ಅವಳನ್ನು ಎತ್ತಿಕೊಂಡು ಅಡುಗೆಮನೆಯಲ್ಲಿ ಓಡಾಡುತ್ತಿದ್ದೆ. ಗಸ್ಪಾರ್ ಬಾಗಿಲು ದೂಡಿಕೊಂಡು ಬಂದವನೇ ನೀರಿನ ತೊಟ್ಟಿಗೆ ಬಾಯಿ ಕೊಟ್ಟ. ಉಪ್ಪು ಹಾಕಿಕೊಂಡು ಉಜ್ಜಿದ, ವಿನೆಗರ್ ಮುಕ್ಕಳಿಸಿದ, ಕೊನೆಗೆ ಪಾತ್ರೆ ತೊಳೆಯುವ ಸೋಪನ್ನು ನಾಲಿಗೆಗೆ ತಿಕ್ಕಿಕೊಂಡ. ಕುಡಿದಿದ್ದಾನೆ ಅಂದುಕೊಂಡು ನಾನು ಬೈದೆ. ಆಗ ಎಲ್ಲ ಹೇಳಿದ. ಕೊಳದ್ದು, ಜೆಲೀದು, ಬಕೆಟ್ಟಿನದು.

"ಮೂರು ವರ್ಷ ನಾನು ಕಂಡವರ ಎಂಜಲು ಕುಡಿದೆನೇನೋ?" ಎಂದೆ.

"ಕೆಲಸ ಸಿಗುತ್ತೆ ಅಂತ ಅಕ್ಕಾ..."

"ನನ್ನ ಕೂಸಿಗೆ ಹಾಲಾಗಿ ಹೋಗಿದೆಯಲ್ಲೋ ಅದು."

ನನಗೆ ದೆವ್ವದ ಹೆದರಿಕೆ ಆಗಲೇ ಇಲ್ಲ. ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡು ಬಂದೆ. ಅವತ್ತು ತೋಟದ ಪಕ್ಕ ಸೈಕಲ್ ಮೇಲೆ ಹಾದುಹೋಗಿದ್ದ ಆ ಎಂಟು ಜನರ ಮುಖ ನೆನಪಿಗೆ ಬಂತು, ಒಬ್ಬೊಬ್ಬರ ತುಟಿಯೂ.

ಆವತ್ತಿನಿಂದ ಗಸ್ಪಾರ್‌ಗೆ ವೈನಿನ ರುಚಿ ಹತ್ತಲಿಲ್ಲ. ಯಾವ ಗ್ಲಾಸ್ ಎತ್ತಿದರೂ ಬಾಯಿಯೇ. ಅಂಗಡಿಯಲ್ಲಿ ಹೊಸ ಬಾಟಲಿ ಒಡೆದರೆ ತುಂಬಿಸಿದವನ ಬಾಯಿ, ತಂಬಾಕಿನವನೋ, ಬೆಣ್ಣೆ ತಿಂದವನೋ. ಊಟ ಇಳಿಯುತ್ತಿರಲಿಲ್ಲ. ಆರು ವಾರದಲ್ಲಿ ಅವನ ಪ್ಯಾಂಟು ಸೊಂಟದಲ್ಲಿ ನಿಲ್ಲದಂತಾಯಿತು. ಹೋಗಬೇಡ, ಆ ಮನೆಯ ಮೆಟ್ಟಿಲು ಹತ್ತಬೇಡ ಎಂದು ಎಷ್ಟೋ ಹೇಳಿದೆ. ಇನ್ನೇನು ಗೊತ್ತಿದೆ ನನಗೆ, ಸಾಯುವ ತನಕ ಪೆಡಲ್ ತುಳಿಯಲಾ ಎಂದ. ಬಣ್ಣ ನೋಡಿ, ಗ್ಲಾಸಿನ ಅಂಚಿಗೆ ಅಂಟುವುದನ್ನು ನೋಡಿ ಊಹಿಸುತ್ತೇನೆ ಎಂದ. ಹಾಗಾಗಿ ಸಂತ ಮಾರ್ಟಿನನ ಹಬ್ಬದ ಬೆಳಿಗ್ಗೆ ನಾನೂ ಮಗಳನ್ನು ಎತ್ತಿಕೊಂಡು ಅವನ ಜೊತೆ ಹೋದೆ. ಆಂಬ್ರ್ವಾಸ್ ಅವರನ್ನು ನಾಲ್ಕು ಮಾತು ಕೇಳಬೇಕೆಂದೂ ಇತ್ತು.

ನೆಲಮಾಳಿಗೆಯಲ್ಲಿ ನಾವು ಮೂವರೇ, ನನ್ನ ಮಗು ಬಿಟ್ಟರೆ. ಆಂಬ್ರ್ವಾಸ್ ಮೊದಲ ಗ್ಲಾಸ್ ಕೊಟ್ಟರು. ಗಸ್ಪಾರ್ ತೋರಿಕೆಗೆ ಒಂದು ಗುಟುಕು ಬಾಯಿಗೆ ಹಾಕಿ ಉಗುಳಿ, ಬಣ್ಣ ನೋಡಿ ತೋಟ ಹೇಳಿದ. ಸರಿಯಿತ್ತು. ಎರಡನೆಯದೂ ಸರಿಯಿತ್ತು. ಗಂಟಲಿಗೆ ಬಂದದ್ದನ್ನು ಅವನು ಹೇಗೆ ತಡೆದುಕೊಂಡನೋ, ಕುತ್ತಿಗೆಯ ನರ ಉಬ್ಬಿತ್ತು. ಮೂರನೆಯದಕ್ಕೆ ಆಂಬ್ರ್ವಾಸ್ ಮೂಲೆಯ ಪೀಪಾಯಿಗೆ ಹೋದರು. ಅದರ ಬಿರಡೆಗೆ ಕೆಂಪು ಅರಗು ಮೆತ್ತಿತ್ತು. ನನ್ನ ಕಣ್ಣೆದುರೇ ಚಾಕುವಿನಿಂದ ಅರಗು ಒಡೆದು ವೈನ್ ತೆಗೆದರು.

ಗಸ್ಪಾರ್ ಅದನ್ನು ಬಾಯಲ್ಲಿ ಇಟ್ಟುಕೊಂಡ. ಬಹಳ ಹೊತ್ತು. ಆಂಬ್ರ್ವಾಸ್ ಬಕೆಟ್ಟನ್ನು ಕಾಲಿನಿಂದ ಅವನತ್ತ ಸರಿಸಿದರು. ಅವನು ಉಗುಳಲಿಲ್ಲ, ನುಂಗಿದ.

"ಇದು ನಿಮ್ಮ ಬಾಯಿ ಸಾಹೇಬರೇ," ಅಂದ.

ಆಂಬ್ರ್ವಾಸ್ ನಕ್ಕರು. ತೋಟ ಹೇಳಯ್ಯಾ, ತಮಾಷೆ ಆಮೇಲೆ ಎಂದರು.

"ಲವಂಗದೆಣ್ಣೆ," ಎಂದ ಗಸ್ಪಾರ್.

"ಓಕ್ ಮರದ ಪೀಪಾಯಿ. ಲವಂಗದ ವಾಸನೆ ಬಾರದೆ ಇನ್ನೇನು ಬರುತ್ತೆ?"

"ಮರದ್ದಲ್ಲ. ಎಡಗಡೆ, ಕೆಳದವಡೆ, ಕಟ್ಟಕಡೇ ಹಲ್ಲು. ಹತ್ತಿ ಇಟ್ಟಿದ್ದೀರಿ. ಕೀವು ಆಗಿದೆ."

ನಗು ನಿಂತಿತು. ಆಂಬ್ರ್ವಾಸ್ ಕೈ ಎಡಗೆನ್ನೆಗೆ ಹೋಯಿತು. ಯಾರು ಹೇಳಿದರು ನಿನಗೆ ಎಂದು ಕೇಳಿದರು, ಕೇಳಿಸೀ ಕೇಳಿಸದ ಹಾಗೆ. ಗಸ್ಪಾರ್ ಗ್ಲಾಸ್ ಕೆಳಗಿಟ್ಟು ಮೆಟ್ಟಿಲು ಹತ್ತಿ ಹೋದ. ಕೆಲಸ ಅವರೂ ಕೊಡಲಿಲ್ಲ, ಇವನೂ ಕೇಳಲಿಲ್ಲ. ಈಗ ಕಲ್ಲಿನ ಗಣಿಯಲ್ಲಿದ್ದಾನೆ. ಕಾಯಿಸಿದ ನೀರು, ತಾನೇ ಸುಟ್ಟುಕೊಂಡ ಆಲೂಗಡ್ಡೆ, ಅಷ್ಟೇ ಅವನ ಊಟ.

ನಾನು ಕೇಳಬೇಕೆಂದಿದ್ದ ನಾಲ್ಕು ಮಾತು ನಾಲಿಗೆಗೆ ಬರಲಿಲ್ಲ. ಹೊರಟವಳು ತಡೆಯಲಾರದೆ ಆ ಗ್ಲಾಸನ್ನು ಮೂಗಿನ ಹತ್ತಿರ ಹಿಡಿದೆ. ಲವಂಗ. ಅದರಡಿಯಲ್ಲಿ ಕೊಳೆತ ಹಲ್ಲು. ನನ್ನ ಮಗಳು ಮುಖ ತಿರುಗಿಸಿ ನನ್ನ ಭುಜಕ್ಕೆ ಒತ್ತಿಕೊಂಡಳು.

ನಂಬದವರು ನಂಬಬೇಡಿ. ನಾನು ಅಲ್ಲಿ ನಿಂತಿದ್ದೆ. ಆಂಬ್ರ್ವಾಸ್ ಅವರ ಹೆಂಡತಿಯನ್ನು ಆಮೇಲೆ ಬೇಕರಿಯಲ್ಲಿ ಕಂಡು ವಿಚಾರಿಸಿದೆ. ಸಾಹೇಬರಿಗೆ ಹಲ್ಲುನೋವು ಶುರುವಾದದ್ದು ಹಬ್ಬದ ಹಿಂದಿನ ರಾತ್ರಿ ಎಂದಳು. ಅಲ್ಲಿಯವರೆಗೆ ಮನೆಯಲ್ಲಿ ಲವಂಗದೆಣ್ಣೆಯ ಸೀಸೆಯೇ ಇರಲಿಲ್ಲವಂತೆ.

ಆ ಪೀಪಾಯಿಯ ಅರಗಿನ ಮೇಲೆ ಒತ್ತಿದ್ದ ತಾರೀಕು ಆಗಸ್ಟ್ ನಾಲ್ಕು.